ಕಟ್ಟೆ ತುಂಬಲು ಇನ್ನೆಷ್ಟು ದಿನ? ಒಳಹರಿವು, ಹೊರಹರಿವಿನಿಂದ ಸಮೀಕರಣ ಕಟ್ಟುವ ಕ್ರಮ

ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಮಂಡ್ಯ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಕನ್ನಂಬಾಡಿ ಕಟ್ಟೆ ಯಾವತ್ತು ತುಂಬುತ್ತೆ? ಭತ್ತದ ಒಟ್ಲು (ಸಸಿಮಡಿ) ಈಗಲೇ ಹಾಕುವುದೋ, ಇನ್ನೊಂದು ವಾರ ತಡೆಯುವುದೋ ಎಂಬುದು ಆ ಉತ್ತರದ ಮೇಲೆ ನಿಂತಿರುತ್ತದೆ.

ಇದಕ್ಕೆ ಬೇಕಾದ ಅಂಕಿಗಳು ಬೆಳಗಿನ ಪತ್ರಿಕೆಯ ಒಂದು ಮೂಲೆಯಲ್ಲೇ ಇರುತ್ತವೆ. ಬೇಕಾದ ಗಣಿತವೂ ಹೈಸ್ಕೂಲಿನದೇ. ಆದರೂ ಜನ ತಂದು ತೋರಿಸುವ ಲೆಕ್ಕಗಳು ಪ್ರತಿ ಮಳೆಗಾಲದಲ್ಲೂ ಅದೇ ಜಾಗಗಳಲ್ಲಿ ಎಡವುತ್ತವೆ. ಒಬ್ಬರು ಅಡಿಯನ್ನೇ ನೀರೆಂದು ಎಣಿಸಿರುತ್ತಾರೆ. ಇನ್ನೊಬ್ಬರು ಹೊರಹರಿವನ್ನು ಕಳೆದಿರುವುದಿಲ್ಲ. ಹರಿವಿನ ಅಳತೆಯಾದ ಕ್ಯುಸೆಕ್ಕನ್ನು ಸಂಗ್ರಹದ ಅಳತೆಯಾದ ಟಿಎಂಸಿಗೆ ಇಳಿಸುವಾಗ ಸೊನ್ನೆ ತಪ್ಪಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಇವತ್ತಿನ ಒಳಹರಿವು ತಿಂಗಳಿಡೀ ಹೀಗೇ ಇರುತ್ತದೆಂದು ನಂಬಿರುತ್ತಾರೆ. ಗುಣಾಕಾರ ಭಾಗಾಕಾರ ಬಾರದೆ ಆಗುವ ತಪ್ಪುಗಳಲ್ಲ ಇವು. ಹೆಜ್ಜೆಗಳ ಕ್ರಮ ತಪ್ಪಿದ್ದರಿಂದ ಆಗುವಂಥವು.

ಕಟ್ಟಬೇಕಾದ ಸಮೀಕರಣ ಇಷ್ಟೇ:

ಸಂಗ್ರಹ = ಆರಂಭದ ಸಂಗ್ರಹ + (ದಿನದ ದರ × ದಿನಗಳು)

ಶಾಲೆಯಲ್ಲಿ ಕಲಿತ ರೇಖಾತ್ಮಕ ಸಮೀಕರಣ ಇದೇ. ದಿನದ ದರವೇ ಗೆರೆಯ ಇಳಿಜಾರು, ಆರಂಭದ ಸಂಗ್ರಹವೇ ಗೆರೆ ಹೊರಡುವ ಬಿಂದು.

## ಕೈಗೆ ಬೇಕಾದವು

ಒಂದು ನೋಟ್‌ಬುಕ್, ಕ್ಯಾಲ್ಕುಲೇಟರ್, ಒಂದು ಗ್ರಾಫ್ ಹಾಳೆ. ಇವುಗಳ ಜತೆಗೆ ಜಲಾಶಯದ ನಾಲ್ಕು ಅಂಕಿಗಳು ಬೇಕು: ಗರಿಷ್ಠ ಸಾಮರ್ಥ್ಯ, ಇಂದಿನ ಸಂಗ್ರಹ, ಒಳಹರಿವು, ಹೊರಹರಿವು. ಪತ್ರಿಕೆಯಲ್ಲಿ ಸಿಗದ ದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೊರಡಿಸುವ ಜಲಾಶಯಗಳ ದಿನಪಟ್ಟಿಯನ್ನು ನೋಡಿ.

ಕಾವೇರಿ ಕೊಳ್ಳದ ನಾಲ್ಕು ಜಲಾಶಯಗಳ ಗರಿಷ್ಠ ಸಾಮರ್ಥ್ಯವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ: ಕೆಆರ್‌ಎಸ್ (ಕನ್ನಂಬಾಡಿ ಕಟ್ಟೆ) 49.45 ಟಿಎಂಸಿ, ಹೇಮಾವತಿ 37.10, ಕಬಿನಿ 19.52, ಹಾರಂಗಿ 8.50. ಬೇರೆ ಜಲಾಶಯದ ಲೆಕ್ಕ ಮಾಡುವವರು ಹಳೆಯ ಪುಸ್ತಕದ ಅಂಕಿಯನ್ನು ಹಾಗೇ ಎತ್ತಿಕೊಳ್ಳಬೇಡಿ. ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಅದೀಗ 105.79ಕ್ಕೆ ಇಳಿದಿದೆ. ಹಳೆಯ ಅಂಕಿ ಹಿಡಿದರೆ ಇಲ್ಲದ 27 ಟಿಎಂಸಿ ಜಾಗ ತುಂಬಲು ಕಾಯುತ್ತ ಕೂರಬೇಕಾಗುತ್ತದೆ.

## ಹಂತ 1: ಅಡಿಯನ್ನು ಬಿಡಿ, ಟಿಎಂಸಿ ಹಿಡಿಯಿರಿ

ಸುದ್ದಿಯ ತಲೆಬರಹದಲ್ಲಿ ಬರುವುದು ಅಡಿ. ‘ಕೆಆರ್‌ಎಸ್ 100 ಅಡಿ’ ಎಂದು ಓದಿದ ತಕ್ಷಣ ಹಲವರು ಗರಿಷ್ಠ ಮಟ್ಟ 124.80 ಅಡಿಯಿಂದ ಭಾಗಿಸಿ ಶೇ. 80 ತುಂಬಿದೆ ಎಂದುಬಿಡುತ್ತಾರೆ. ನಿಜದಲ್ಲಿ ಆಗ ಇರುವ ನೀರು ಹೆಚ್ಚುಕಡಿಮೆ ಅರ್ಧದಷ್ಟು.

ಜಲಾಶಯ ಡ್ರಮ್ಮಿನಂತೆ ನೆಟ್ಟಗಿಲ್ಲ, ಬಾಣಲೆಯಂತೆ ಮೇಲೆ ಹೋದಷ್ಟೂ ಅಗಲವಾಗುತ್ತದೆ. ತಳದಲ್ಲಿ ಒಂದು ಅಡಿ ಏರಲು ಸ್ವಲ್ಪ ನೀರು ಸಾಕು. ಕೆಆರ್‌ಎಸ್‌ನ ಕೊನೆಯ ಅಡಿಗಳಲ್ಲಿ ಪ್ರತಿ ಅಡಿಗೂ ಒಂದು ಟಿಎಂಸಿಗಿಂತ ಹೆಚ್ಚು ನೀರು ಬೇಕು. ಅದಕ್ಕೇ ಮೊದಲ ವಾರ ಭರಭರನೆ ಏರಿದ ಮಟ್ಟ, ಅದೇ ಒಳಹರಿವಿದ್ದರೂ ಕೊನೆಯಲ್ಲಿ ತೆವಳುತ್ತದೆ. ಅಡಿ ಮತ್ತು ದಿನದ ನಡುವೆ ಸರಳರೇಖೆ ಬರುವುದಿಲ್ಲ. ಟಿಎಂಸಿ ಮತ್ತು ದಿನದ ನಡುವೆ ಬರುತ್ತದೆ.

ಇನ್ನೊಂದು ಗುಂಡಿಯೂ ಇಲ್ಲೇ ಇದೆ. ಕೆಆರ್‌ಎಸ್‌ನ 124.80 ಅಡಿಯನ್ನು ನದಿಯ ತಳದಿಂದ ಅಳೆಯುತ್ತಾರೆ. ಕಬಿನಿಯ 2,284 ಅಡಿ, ಹೇಮಾವತಿಯ 2,922 ಅಡಿ ಸಮುದ್ರಮಟ್ಟದಿಂದ ಅಳೆದವು. ಕಬಿನಿ 2,260 ಅಡಿ ಇದ್ದಾಗ ಭಾಗಾಕಾರ ಮಾಡಿದರೆ ಶೇ. 99 ಎಂದು ಬರುತ್ತದೆ. ಅದಕ್ಕೆ ಯಾವ ಅರ್ಥವೂ ಇಲ್ಲ.

## ಹಂತ 2: ಆರಂಭದ ಬಿಂದುವನ್ನು ಗಟ್ಟಿಮಾಡಿಕೊಳ್ಳಿ

ಯಾವ ದಿನ, ಯಾವ ಹೊತ್ತಿನ ಅಂಕಿ ಎಂಬುದನ್ನು ಪಕ್ಕದಲ್ಲೇ ಬರೆಯಿರಿ. ಆ ಹೊತ್ತೇ ನಿಮ್ಮ ‘ದಿನ 0’. ಒಂದು ದಿನ ಬೆಳಗ್ಗೆಯದು, ಮರುದಿನ ಸಂಜೆಯದು ಹಿಡಿದರೆ ಒಂದೂವರೆ ದಿನದ ನೀರು ಒಂದೇ ದಿನದ ಲೆಕ್ಕಕ್ಕೆ ಸೇರಿಬಿಡುತ್ತದೆ.

ಒಟ್ಟು ಸಂಗ್ರಹವೋ, ಬಳಕೆಗೆ ಸಿಗುವ ಸಂಗ್ರಹವೋ ಎಂಬುದನ್ನೂ ನೋಡಿಕೊಳ್ಳಿ. ಜಲಾಶಯದ ತಳದಲ್ಲಿ ತೂಬಿಗೆ ಸಿಗದ ನೀರು ಇರುತ್ತದೆ. ಅದನ್ನು ಡೆಡ್ ಸ್ಟೋರೇಜ್ ಎನ್ನುತ್ತಾರೆ. ಕೆಲವು ಪಟ್ಟಿಗಳಲ್ಲಿ ಅದೂ ಸೇರಿರುತ್ತದೆ, ಕೆಲವುಗಳಲ್ಲಿ ಇಲ್ಲ. 49.45 ಎಂಬುದು ಒಟ್ಟು ಸಾಮರ್ಥ್ಯ, ಹಾಗಾಗಿ ಆರಂಭದ ಅಂಕಿಯೂ ಒಟ್ಟು ಸಂಗ್ರಹದ್ದೇ ಆಗಿರಬೇಕು.

ಮುಂದಿನ ಹಂತಗಳಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಕಿಗಳು ಲೆಕ್ಕಕ್ಕಾಗಿ ನಾನು ಆರಿಸಿದವು: ಕೆಆರ್‌ಎಸ್‌ನಲ್ಲಿ ಬೆಳಗ್ಗೆ 28.00 ಟಿಎಂಸಿ ಇದೆ, ಒಳಹರಿವು 18,000 ಕ್ಯುಸೆಕ್, ಹೊರಹರಿವು 3,000 ಕ್ಯುಸೆಕ್.

## ಹಂತ 3: ಮೊದಲು ಕಳೆಯಿರಿ, ಆಮೇಲೆ ಪರಿವರ್ತಿಸಿ

ಜಲಾಶಯದಲ್ಲಿ ಉಳಿಯುವುದು ಬಂದದ್ದರಲ್ಲಿ ಹೋದದ್ದನ್ನು ಕಳೆದ ನೀರು ಮಾತ್ರ.

18,000 − 3,000 = 15,000 ಕ್ಯುಸೆಕ್

ಕೂಡಿ ಕಳೆಯುವ ಕೆಲಸವನ್ನು ಕ್ಯುಸೆಕ್‌ನಲ್ಲೇ ಮುಗಿಸಿ. ಎರಡನ್ನೂ ಬೇರೆ ಬೇರೆಯಾಗಿ ಟಿಎಂಸಿಗೆ ಇಳಿಸಿ ಆಮೇಲೆ ಕಳೆಯಲು ಹೋದವರೇ ಸೊನ್ನೆ ತಪ್ಪುವುದು.

ಹೊರಹರಿವು ಎಂದರೆ ನದಿಗೆ ಬಿಟ್ಟ ನೀರಷ್ಟೇ ಅಲ್ಲ. ವಿಶ್ವೇಶ್ವರಯ್ಯ ನಾಲೆ, ಎಡದಂಡೆ ಬಲದಂಡೆ ನಾಲೆಗಳಿಗೆ ಹೋದದ್ದೂ ಕುಡಿಯುವ ನೀರಿಗೆ ಎತ್ತಿದ್ದೂ ಸೇರಬೇಕು. ಸುದ್ದಿಯಲ್ಲಿ ‘ನದಿಗೆ ಇಷ್ಟು’ ಎಂದು ಮಾತ್ರ ಇದ್ದರೆ ನಾಲೆಯ ಅಂಕಿಯನ್ನು ಹುಡುಕಿ ಕೂಡಿಸಿಕೊಳ್ಳಿ.

ಒಳಹರಿವಿನ ವಿಷಯದಲ್ಲಿ ಹೆಚ್ಚಿನವರು ಮಾಡುವ ತಪ್ಪು ಕಬಿನಿಯನ್ನು ಸೇರಿಸುವುದು. ವಯನಾಡಿನಲ್ಲಿ ಮಳೆಯಾಗಿ ಕಬಿನಿ ಉಕ್ಕಿದರೆ ಕೆಆರ್‌ಎಸ್‌ಗೆ ಒಂದು ಹನಿಯೂ ಬರುವುದಿಲ್ಲ. ಆ ನದಿ ಕಾವೇರಿಯನ್ನು ಸೇರುವುದು ಅಣೆಕಟ್ಟೆಯ ಕೆಳಗೆ, ತಿರುಮಕೂಡಲು ನರಸೀಪುರದಲ್ಲಿ. ಕೆಆರ್‌ಎಸ್‌ಗೆ ಮೇಲಿನಿಂದ ಬರುವವು ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ. ಹಾರಂಗಿಯ ನೀರು ಕಾವೇರಿಯೊಳಗೇ ಬಂದಿರುತ್ತದೆ.

## ಹಂತ 4: ಕ್ಯುಸೆಕ್‌ನಿಂದ ದಿನದ ಟಿಎಂಸಿಗೆ

ಇಲ್ಲಿ ಅವಸರ ಬೇಡ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಅದು ಹರಿವಿನ ವೇಗ ಹೇಳುತ್ತದೆಯೇ ಹೊರತು ನೀರಿನ ಪ್ರಮಾಣವನ್ನಲ್ಲ. ಟಿಎಂಸಿ ಎಂದರೆ ಸಾವಿರ ಮಿಲಿಯನ್ ಘನ ಅಡಿ, ನಮ್ಮ ಲೆಕ್ಕದಲ್ಲಿ 100 ಕೋಟಿ ಘನ ಅಡಿ. ಇದು ಪ್ರಮಾಣ. ವೇಗವನ್ನು ಪ್ರಮಾಣ ಮಾಡಬೇಕಾದರೆ ನಡುವೆ ಸಮಯ ಬರಲೇಬೇಕು.

ಒಂದು ದಿನಕ್ಕೆ 86,400 ಸೆಕೆಂಡು. ಒಂದು ಕ್ಯುಸೆಕ್ ಇಡೀ ದಿನ ಹರಿದರೆ 86,400 ಘನ ಅಡಿ ನೀರು. 1,000 ಕ್ಯುಸೆಕ್ ಇಡೀ ದಿನ ಹರಿದರೆ 8 ಕೋಟಿ 64 ಲಕ್ಷ ಘನ ಅಡಿ, ಅಂದರೆ 0.0864 ಟಿಎಂಸಿ.

ನೆನಪಿಡಬೇಕಾದ್ದು ಇದೊಂದೇ: ಸಾವಿರ ಕ್ಯುಸೆಕ್‌ಗೆ ದಿನಕ್ಕೆ 0.0864 ಟಿಎಂಸಿ. ತಿರುಗಿಸಿ ಹೇಳಿದರೆ, ದಿನಕ್ಕೆ ಒಂದು ಟಿಎಂಸಿ ಸೇರಬೇಕಾದರೆ 11,574 ಕ್ಯುಸೆಕ್ ಬೇಕು.

ನಮ್ಮ ಉದಾಹರಣೆಯಲ್ಲಿ 15 × 0.0864 = 1.296. ದಿನಕ್ಕೆ 1.296 ಟಿಎಂಸಿ ಸೇರುತ್ತದೆ.

ಸೊನ್ನೆ ತಪ್ಪಿದೆಯೇ ಎಂದು ನೋಡಲು ಒಂದು ಸುಲಭದ ದಾರಿ ಇದೆ. ಉಳಿಯುವ ಹರಿವು ಸುಮಾರು ಹನ್ನೊಂದೂವರೆ ಸಾವಿರ ಕ್ಯುಸೆಕ್ ಇದ್ದರೆ ಉತ್ತರ 1ರ ಹತ್ತಿರ ಇರಬೇಕು. 15,000ಕ್ಕೆ 12.96 ಎಂದೋ 0.13 ಎಂದೋ ಬಂದಿದ್ದರೆ ಅಲ್ಲೇ ನಿಲ್ಲಿ.

ಇದೇ ಹಂತ ನೀರು ಬಿಡುವ ಆದೇಶಗಳನ್ನು ಓದಲೂ ಬೇಕು. 2023ರ ಆಗಸ್ಟ್ ಕೊನೆಯಲ್ಲಿ ಕಾವೇರಿ ನೀರು ನಿಯಂತ್ರಣ ಸಮಿತಿ 15 ದಿನ 5,000 ಕ್ಯುಸೆಕ್‌ನಂತೆ ತಮಿಳುನಾಡಿಗೆ ಹರಿಸಲು ಹೇಳಿತ್ತು. ಐದು ಸಾವಿರ ಎಂಬ ಅಂಕಿಯಿಂದ ಎಷ್ಟು ನೀರು ಎಂಬುದು ಅಂದಾಜಾಗುವುದಿಲ್ಲ. 5 × 0.0864 × 15 = 6.48 ಟಿಎಂಸಿ ಎಂದಾಗ ಆಗುತ್ತದೆ. ಹಾರಂಗಿ ಜಲಾಶಯದ ಮುಕ್ಕಾಲು ಭಾಗ ಅದು.

## ಹಂತ 5: ಸಮೀಕರಣ ಬರೆದು ಎರಡೂ ದಿಕ್ಕಿನಲ್ಲಿ ಬಿಡಿಸಿ

ಸಂಗ್ರಹ = 28.00 + (1.296 × ದಿನಗಳು)

ಹತ್ತನೇ ದಿನ ಎಷ್ಟಿರುತ್ತದೆ? 28.00 + 12.96 = 40.96 ಟಿಎಂಸಿ.

ತುಂಬಲು ಎಷ್ಟು ದಿನ? ಈಗ ಸಂಗ್ರಹದ ಜಾಗದಲ್ಲಿ 49.45 ಇಡಿ. ಖಾಲಿ ಜಾಗ 49.45 − 28.00 = 21.45. ಅದನ್ನು ದಿನದ ದರದಿಂದ ಭಾಗಿಸಿದರೆ 16.55, ಅಂದರೆ ಹದಿನೇಳನೆಯ ದಿನ. ಇಲ್ಲಿ 28 ಕಳೆಯದೆ 49.45ನ್ನೇ ಭಾಗಿಸಿ 38 ದಿನ ಎಂದವರನ್ನು ಬಹಳ ಕಂಡಿದ್ದೇನೆ. ಅದು ಬರಿದಾದ ಜಲಾಶಯದ ಉತ್ತರ.

ಒಂದೇ ದಿನಾಂಕ ಹೇಳುವುದನ್ನು ನಾನು ಒಪ್ಪುವುದಿಲ್ಲ. ಉಳಿಯುವ ಹರಿವು 12,000ಕ್ಕೆ ಇಳಿದರೆ 21 ದಿನ, 18,000ಕ್ಕೆ ಏರಿದರೆ 14 ದಿನ. ಮೂರೂ ಗೆರೆಗಳನ್ನು ಒಂದೇ ಗ್ರಾಫ್ ಹಾಳೆಯಲ್ಲಿ ಎಳೆಯಿರಿ. ‘ಎರಡರಿಂದ ಮೂರು ವಾರ’ ಎಂಬ ಉತ್ತರವನ್ನು ಹಿಡಿದು ಒಟ್ಲು ಹಾಕುವವರು ಮೋಸಹೋಗುವುದು ಕಡಿಮೆ.

## ಹಂತ 6: ಮೂರು ಬೆಳಗಿನ ಅಂಕಿಯೊಂದಿಗೆ ತಾಳೆ ನೋಡಿ

ಮೂರು ದಿನ ಬಿಟ್ಟು ನೋಡಿದಾಗ ಸಂಗ್ರಹ 31.60 ಎಂದುಕೊಳ್ಳಿ. ನಮ್ಮ ಸಮೀಕರಣದಂತೆ 31.89 ಇರಬೇಕಿತ್ತು. ನಿಜವಾದ ದರ (31.60 − 28.00) ÷ 3 = 1.20 ಟಿಎಂಸಿ. ಇನ್ನು ಮುಂದೆ ಈ 1.20ನ್ನೇ ಬಳಸಿ, 31.60ನ್ನು ಹೊಸ ಆರಂಭವೆಂದು ಹಿಡಿಯಿರಿ.

ವ್ಯತ್ಯಾಸ ಏಕೆ ಬರುತ್ತದೆ? ಒಳಹರಿವು ದಿನದೊಳಗೇ ಏರಿಳಿಯುತ್ತದೆ. ಅದನ್ನು ಜಲಾಶಯಗಳಲ್ಲಿ ಸಾಮಾನ್ಯವಾಗಿ ಮಟ್ಟದ ಏರಿಕೆ ಮತ್ತು ಹೊರಹರಿವಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಕೊಡುತ್ತಾರೆ, ಹಾಗಾಗಿ ನೀವು ಓದುವುದು ಆಗಿಹೋದ ಹೊತ್ತಿನ ಹರಿವು. ನೀರು ಆವಿಯಾಗುವುದೂ ಉಂಟು. 100 ಚದರ ಕಿಲೋಮೀಟರ್ ಹರವಿನ ಜಲಾಶಯದಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ 5 ಲಕ್ಷ ಘನ ಮೀಟರ್ ನೀರು ಹೋಗುತ್ತದೆ. ಅದು ಇಡೀ ದಿನ ಸುಮಾರು 200 ಕ್ಯುಸೆಕ್ ಬಿಟ್ಟಂತೆ. ಆಷಾಢದಲ್ಲಿ ಇದನ್ನು ಮರೆತರೂ ನಡೆಯುತ್ತದೆ. ಚೈತ್ರ ವೈಶಾಖದಲ್ಲಿ ಒಳಹರಿವೇ ಐನೂರು ಕ್ಯುಸೆಕ್ ಇರುವಾಗ ಮರೆಯುವಂತಿಲ್ಲ.

## ಹಂತ 7: ದರ ಬದಲಾದಲ್ಲಿ ಗೆರೆ ಮುರಿದು ಹೊಸ ಗೆರೆ ಎಳೆಯಿರಿ

ಈ ಹಂತವನ್ನು ಬಿಟ್ಟವರ ಲೆಕ್ಕವೇ ಹೆಚ್ಚು ಕೆಡುವುದು, ನಿಧಾನವಾಗಿ ಓದಿ.

ಮೊದಲ ಉದಾಹರಣೆಗೇ ಮರಳೋಣ. ನಾಲ್ಕು ದಿನ 18,000 ಕ್ಯುಸೆಕ್ ಬಂದು, ಮಳೆ ಬಿಡುವು ಕೊಟ್ಟು ಒಳಹರಿವು 9,000ಕ್ಕೆ ಇಳಿಯಿತು. ಹೊರಹರಿವು 3,000ದಲ್ಲೇ ಇದೆ.

ನಾಲ್ಕನೇ ದಿನದ ಸಂಗ್ರಹ: 28.00 + (1.296 × 4) = 33.18
ಹೊಸ ದರ: 6 × 0.0864 = 0.518
ಹೊಸ ಸಮೀಕರಣ: ಸಂಗ್ರಹ = 33.18 + 0.518 × (ದಿನಗಳು − 4)

ಆ ‘− 4’ ಬಹಳ ಮುಖ್ಯ. ಹೊಸ ದರ ಓಡತೊಡಗಿದ್ದು ನಾಲ್ಕನೇ ದಿನದಿಂದ. ಅದನ್ನು ಕಳೆಯದೆ ಹತ್ತನೇ ದಿನದ ಲೆಕ್ಕ ಹಾಕಿದರೆ 38.36 ಬರುತ್ತದೆ. ಸರಿಯಾದ ಉತ್ತರ 36.29. ಬಾರದ ಎರಡು ಟಿಎಂಸಿ ನೀರು ಕಾಗದದ ಮೇಲೆ ಬಂದುಬಿಟ್ಟಿತು. ಸರಿ ಇದೆಯೇ ಎಂದು ನೋಡಲು ಹೊಸ ಸಮೀಕರಣದಲ್ಲಿ ದಿನ 4 ಎಂದು ಇಡಿ. 33.18 ಬರಬೇಕು. ಎರಡು ಗೆರೆಗಳು ಮುರಿದ ಜಾಗದಲ್ಲಿ ಕೂಡಲೇಬೇಕು.

ತುಂಬುವ ದಿನವೂ ಎಷ್ಟು ದೂರ ಸರಿಯಿತು ನೋಡಿ. ಉಳಿದ 16.27 ಟಿಎಂಸಿಗೆ 0.518ರಂತೆ ಇನ್ನೂ 31 ದಿನ. ಹದಿನೇಳು ದಿನ ಎಂದಿದ್ದದ್ದು ಮೂವತ್ತೈದಾಯಿತು. ಒಳಹರಿವು ಅರ್ಧಕ್ಕಿಳಿದರೆ ದರವೂ ಅರ್ಧವಾಗುತ್ತದೆಂದು ಭಾವಿಸಬೇಡಿ. ಹೊರಹರಿವು ಹಾಗೇ ಇರುವುದರಿಂದ ದರ ಅರ್ಧಕ್ಕಿಂತಲೂ ಕೆಳಗೆ ಹೋಗುತ್ತದೆ.

ಗೆರೆ ಎಲ್ಲಿ ಮುರಿಯಬಹುದೆಂಬ ಸುಳಿವು ಮೊದಲೇ ಸಿಗುವುದೂ ಉಂಟು. ಹಾರಂಗಿ, ಹೇಮಾವತಿ ಎರಡೂ ಕೆಆರ್‌ಎಸ್‌ನ ಮೇಲಿವೆ. ಅವು ತುಂಬುವವರೆಗೆ ತಮ್ಮ ಪಾಲನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾರಂಗಿ ಚಿಕ್ಕದು, 8.50 ಟಿಎಂಸಿಗೇ ತುಂಬುತ್ತದೆ. ತುಂಬಿದ ಮೇಲೆ ಬಂದ ನೀರನ್ನೆಲ್ಲ ಕೆಳಗೆ ಬಿಡಲೇಬೇಕು. ಆಗ ಮಳೆ ಹೆಚ್ಚಾಗದಿದ್ದರೂ ಕೆಆರ್‌ಎಸ್‌ನ ಒಳಹರಿವು ಏರುತ್ತದೆ. ಆದ್ದರಿಂದ ಹಾರಂಗಿಗೂ ಹೇಮಾವತಿಗೂ ಇದೇ ಸಮೀಕರಣ ಕಟ್ಟಿ, ಅವು ತುಂಬುವ ದಿನವನ್ನು ಕೆಆರ್‌ಎಸ್ ಗ್ರಾಫಿನಲ್ಲಿ ಗುರುತು ಹಾಕಿಕೊಳ್ಳಿ.

ಗೆರೆ ಮುರಿಯಲು ಮಳೆಯೇ ಕಾರಣವಾಗಬೇಕೆಂದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ತುಂಬಿ ನಿಂತಿದ್ದ ಜಲಾಶಯದ ದರ ಒಂದೇ ರಾತ್ರಿಯಲ್ಲಿ ಋಣವಾಯಿತು. ಹಿಂದಿನ ದಿನದ ಸಮೀಕರಣ ಆಮೇಲೆ ಯಾರ ಕೆಲಸಕ್ಕೂ ಬರಲಿಲ್ಲ.

## ಹಂತ 8: ಇಳಿಯುವ ಕಾಲದ ಲೆಕ್ಕ

ಬೇಸಿಗೆಯಲ್ಲಿ ಸಮೀಕರಣ ಅದೇ, ದರಕ್ಕೆ ಮಾತ್ರ ಋಣಚಿಹ್ನೆ. ಸಂಗ್ರಹ 20 ಟಿಎಂಸಿ, ಒಳಹರಿವು 500, ಹೊರಹರಿವು 4,000 ಕ್ಯುಸೆಕ್ ಎಂದುಕೊಳ್ಳಿ. ಉಳಿಯುವುದು −3,500, ದಿನಕ್ಕೆ −0.302 ಟಿಎಂಸಿ. 10 ಟಿಎಂಸಿಗೆ ಇಳಿಯಲು 33 ದಿನ.

ಇಲ್ಲಿ ಸೊನ್ನೆಯವರೆಗೆ ಗೆರೆ ಎಳೆಯಬೇಡಿ. ಡೆಡ್ ಸ್ಟೋರೇಜ್ ಒಂದು ತಳ. ಅದಕ್ಕಿಂತ ಮೇಲೆ, ಬೆಂಗಳೂರು ಮೈಸೂರು ಮಂಡ್ಯದ ಕುಡಿಯುವ ನೀರಿಗೆ ಉಳಿಸಿಕೊಳ್ಳುವುದು ಇನ್ನೊಂದು ತಳ. ಆ ತಳ ಹತ್ತಿರವಾದಂತೆ ನಾಲೆಗೆ ಬಿಡುವುದನ್ನು ಕಡಿಮೆ ಮಾಡುತ್ತಾರೆ, ಗೆರೆ ತಾನಾಗಿಯೇ ಬಾಗುತ್ತದೆ. ಬೇಸಿಗೆ ಬೆಳೆ ಇಡುವವರು ನೀರು ಎಂದು ಮುಗಿಯುತ್ತದೆ ಎಂದಲ್ಲ, ನಾಲೆ ಎಂದು ನಿಲ್ಲುತ್ತದೆ ಎಂದು ಲೆಕ್ಕ ಹಾಕಬೇಕು.

## ಹಂತ 9: ತಿಂಗಳ ಪಾಲಿನ ಲೆಕ್ಕವೂ ಇದೇ ದಾರಿ

ಗಡಿಯಲ್ಲಿ ನೀರು ಅಳೆಯುವ ಜಾಗವಾದ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಸಲ್ಲಬೇಕಾದ್ದು ವಾಡಿಕೆಯ ಮಳೆಯ ವರ್ಷದಲ್ಲಿ 177.25 ಟಿಎಂಸಿ. 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನ ಅಂಕಿ ಇದು. ಇದನ್ನು 365ರಿಂದ ಭಾಗಿಸಿ ದಿನಕ್ಕೆ 0.486 ಟಿಎಂಸಿ ಎಂದು ಒಂದೇ ಗೆರೆ ಎಳೆಯುವವರಿದ್ದಾರೆ. ಹಂಚಿಕೆ ಹಾಗಿಲ್ಲ. ಜೂನ್‌ಗೆ 9.19, ಜುಲೈಗೆ 31.24, ಆಗಸ್ಟ್‌ಗೆ 45.95, ಸೆಪ್ಟೆಂಬರ್‌ಗೆ 36.76. ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ ಎರಡೂವರೆ ಮಾತ್ರ.

ಜೂನ್ ಮೊದಲ ದಿನದಿಂದ ಎಣಿಸಿದರೆ ಆಗಸ್ಟ್ ಕೊನೆಗೆ ಸರಾಸರಿಯ ಗೆರೆ 44.7 ಟಿಎಂಸಿ ತೋರಿಸುತ್ತದೆ. ನಿಜವಾಗಿ ಸೇರಬೇಕಾದ್ದು 86.38. ಹಾಗಾಗಿ ಪ್ರತಿ ತಿಂಗಳಿಗೆ ಬೇರೆ ಇಳಿಜಾರು ಕೊಟ್ಟು, ಹಿಂದಿನ ತಿಂಗಳ ಕೊನೆಯ ಮೊತ್ತದಿಂದಲೇ ಮುಂದಿನ ಗೆರೆ ಶುರುಮಾಡಿ. ಆಗಸ್ಟಿನ ದರ 45.95 ÷ 31 = 1.482 ಟಿಎಂಸಿ, ಅಂದರೆ ದಿನವಿಡೀ ಸುಮಾರು 17,150 ಕ್ಯುಸೆಕ್. ಇದು ಬಿಳಿಗುಂಡ್ಲುವಿನಲ್ಲಿ ಅಳೆಯುವ ನೀರು. ಕಬಿನಿಯಿಂದ ಬಂದದ್ದು, ದಾರಿಯಲ್ಲಿ ಸೇರಿದ್ದು ಎಲ್ಲವೂ ಅದರಲ್ಲಿರುತ್ತದೆ. ಕೆಆರ್‌ಎಸ್‌ನ ಹೊರಹರಿವಿನ ಜಾಗದಲ್ಲಿ ಇದನ್ನು ಇಡಬೇಡಿ.

## ಲೆಕ್ಕ ಕೆಡುತ್ತಿದೆ ಎನ್ನುವ ಗುರುತುಗಳು

ದಿನದ ದರ ನಾಲ್ಕೈದು ಟಿಎಂಸಿ ದಾಟಿದೆ, ಆದರೆ ಪ್ರವಾಹದ ಸುದ್ದಿ ಎಲ್ಲೂ ಇಲ್ಲ. ಹಂತ 4ಕ್ಕೆ ಮರಳಿ. ಐದು ಟಿಎಂಸಿ ಸೇರಬೇಕಾದರೆ ಸುಮಾರು 58,000 ಕ್ಯುಸೆಕ್ ಉಳಿಯಬೇಕು.

ಗ್ರಾಫಿನ ಚುಕ್ಕೆಗಳು ಮೂರು ದಿನ ಸತತವಾಗಿ ಗೆರೆಯ ಒಂದೇ ಬದಿಗೆ ಬಿದ್ದಿವೆ. ದರ ಬದಲಾಗಿದೆ. ಒಂದು ಮೇಲೆ ಒಂದು ಕೆಳಗೆ ಬೀಳುತ್ತಿದ್ದರೆ ಚಿಂತೆಯಿಲ್ಲ.

ಒಳಹರಿವು ಏರಿದೆ, ಸಂಗ್ರಹ ಏರಿಲ್ಲ. ನಾಲೆಯ ನೀರನ್ನು ಬಿಟ್ಟಿದ್ದೀರಿ, ಇಲ್ಲವೇ ಎರಡು ಅಂಕಿಗಳು ಬೇರೆ ಬೇರೆ ಹೊತ್ತಿನವು.

ಉತ್ತರದಲ್ಲಿ 49.45 ದಾಟಿದ ಸಂಗ್ರಹ ಬಂದಿದೆ. ಸಮೀಕರಣಕ್ಕೆ ಗೋಡೆ ಎಲ್ಲಿದೆಯೆಂದು ಗೊತ್ತಿಲ್ಲ. ತುಂಬುವ ದಿನಕ್ಕೇ ಗೆರೆಯನ್ನು ನಿಲ್ಲಿಸಿ. ಜೋರು ಮಳೆ ಇದ್ದರೆ ತುಂಬುವ ಮೊದಲೇ ಗೇಟು ತೆರೆದು ಜಾಗ ಮಾಡಿಕೊಳ್ಳುತ್ತಾರೆ, ಹಾಗಾಗಿ ಕೊನೆಯ ಮೂರು ನಾಲ್ಕು ಟಿಎಂಸಿಗೆ ನಿಮ್ಮ ದರ ಹಿಡಿದ ದಿನಾಂಕವನ್ನು ನೆಚ್ಚಬೇಡಿ.

ನದಿದಡದ ಜಮೀನಿನವರು, ದನ ಕಟ್ಟಿದವರು, ಪಂಪ್‌ಸೆಟ್ ಇಟ್ಟವರು ಗೇಟು ಯಾವಾಗ ತೆರೆಯುತ್ತಾರೆಂದು ಈ ಲೆಕ್ಕದಿಂದ ಊಹಿಸಲೇಬಾರದು. ಹೊರಹರಿವು ಕೆಲವೇ ಗಂಟೆಗಳಲ್ಲಿ ಮೂರು ಸಾವಿರದಿಂದ ಐವತ್ತು ಸಾವಿರಕ್ಕೆ ಏರಬಲ್ಲದು. ದಿನಕ್ಕೊಮ್ಮೆ ಬರುವ ಅಂಕಿಯಲ್ಲಿ ಅದು ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ ನೋಟ್‌ಬುಕ್ ಮುಚ್ಚಿಟ್ಟು, ಜಿಲ್ಲಾಡಳಿತ ಎಚ್ಚರಿಕೆ ಕೊಟ್ಟ ಕೂಡಲೇ ಮೋಟಾರನ್ನೂ ದನಗಳನ್ನೂ ಮೇಲಕ್ಕೆ ಸಾಗಿಸಿ.